ಎದೆಯ ಜಿಗಿ

ಅದು ಶುರುವಾದದ್ದು ಬನದ ಹುಣ್ಣಿಮೆ ಕಳೆದ ಚಳಿಯಲ್ಲಿ, ಸಿಂಧನೂರಿನಿಂದ ರಾಯಚೂರಿಗೆ ಮೊದಲ ಬಸ್ಸು ಹೊರಡುವ ಹೊತ್ತಿಗೆ. ಎಂಬತ್ತಾರನೆಯ ಇಸವಿ. ನಾನು ಆವತ್ತು ಪಾಮನಕಲ್ಲೂರಿನಿಂದ ಜೋಳದ ಚೀಲ ತಂದು ಪಕೀರಮ್ಮನ ಖಾನಾವಳಿಯಲ್ಲಿ ಇಳಿಸಿದ್ದೆ. ಕಾಲುವೆ ಬಂದ ಮೇಲೆ ಸಿಂಧನೂರಿನ ಸುತ್ತ ಎಲ್ಲರೂ ಭತ್ತ ಹಾಕಿದರು, ರೊಟ್ಟಿಗೆ ಜೋಳ ನಮ್ಮ ಒಣಭೂಮಿಯಿಂದಲೇ ಹೋಗಬೇಕಾಗಿತ್ತು.

ಖಾನಾವಳಿಯ ಹಿಂದಿನ ತಗಡಿನ ಕೋಣೆಯಲ್ಲಿ ನನ್ನ ತಂಗಿ ಯಮನೂರಮ್ಮ ರೊಟ್ಟಿ ಬಡಿಯುತ್ತಿದ್ದಳು. ಗಂಡ ತೀರಿಕೊಂಡ ವರ್ಷವೇ ಆ ಒಲೆಯ ಮುಂದೆ ಕುಳಿತವಳು. ಅಲ್ಲೇ ಉಣ್ಣುವುದು, ಅಲ್ಲೇ ಮಲಗುವುದು. ಅವಳ ರೊಟ್ಟಿಯ ಹೆಸರು ಲಾರಿ ಡ್ರೈವರುಗಳ ಬಾಯಲ್ಲಿ ಹೊಸಪೇಟೆಯ ತನಕ ಹೋಗಿತ್ತು ಅನ್ನುತ್ತಿದ್ದರು. ಒಲೆಗೆ ಹತ್ತಿ ಗಿಡದ ಕಟ್ಟಿಗೆ. ಬೇಗ ಹತ್ತುತ್ತದೆ, ಬಹಳ ಹೊಗೆ ಬಿಡುತ್ತದೆ. ಆ ಕೋಣೆಯಲ್ಲಿ ನಿಂತರೆ ಮೊದಲು ಅವಳ ಕೈಸಪ್ಪಳ ಕೇಳುತ್ತಿತ್ತು, ಆಮೇಲೆ ಅವಳು ಕಾಣುತ್ತಿದ್ದಳು.

ಕೆಮ್ಮು ಅವಳಿಗೆ ಹಳೆಯದು. ಆ ಬೆಳಗ್ಗೆ ಕೆಮ್ಮು ಬಂದಾಗ ಕೈಯಲ್ಲಿ ರೊಟ್ಟಿ ಇತ್ತು, ಬಾಯಿಗೆ ಸೆರಗು ಹಿಡಿಯಲು ಕೈ ಇರಲಿಲ್ಲ. ಬಾಯಿಂದ ಒಂದು ಎಳೆ ಜಾರಿತು. ಬಿಳಿಯದು, ಗೇಣಿಗಿಂತ ಉದ್ದ. ಹರಿಯದೆ ರೊಟ್ಟಿ ಬಡಿಯುವ ಹಲಗೆಯ ತನಕ ಇಳಿದು ನಿಂತಿತು. ಆಗಲೇ ಒಬ್ಬ ಡ್ರೈವರು ಬೆಂಕಿ ಕೇಳಲು ಬಾಗಿಲಿಗೆ ಬಂದಿದ್ದ.

“ಏನಿದು? ಈಕಿಗೆ ಟೀಬಿ ಐತಿ. ಟೀಬಿಯಾಕಿ ಕೈಲೆ ರೊಟ್ಟಿ ಮಾಡಸ್ತೀರೇನು?” ಅಂದ. ತಾಟಿನ ಮುಂದೆ ಕುಳಿತಿದ್ದವರೆಲ್ಲ ಅವನ ಕಡೆ ತಿರುಗಿದರು.

ಮಧ್ಯಾಹ್ನದ ಹೊತ್ತಿಗೆ ಪಕೀರಮ್ಮ ನನ್ನನ್ನು ಕರೆದಳು. ಕೆಟ್ಟ ಹೆಂಗಸಲ್ಲ. ಯಮನೂರಮ್ಮನಿಗೆ ಜ್ವರ ಬಂದಾಗ ತನ್ನ ಕಂಬಳಿ ಕೊಟ್ಟವಳು.

“ಸೂಗಪ್ಪಣ್ಣ, ನಿನ್ನ ತಂಗೀನ ನಾ ಬ್ಯಾಡ ಅನ್ನವಲ್ಲೆ. ಅರ್ಧ ಗಿರಾಕಿ ಇವತ್ತ ಎದುರಿನ ಹೋಟ್ಲಿಗೆ ಹೋಗ್ಯಾರ. ಲಿಂಗಸೂಗೂರು ದವಾಖಾನಿಗೆ ಕರ್ಕೊಂಡ್ ಹೋಗು. ಡಾಕ್ಟರ್ ಬಾಯಿಲೆ ಟೀಬಿ ಅಲ್ಲ ಅನಿಸ್ಕೊಂಡು ಬರ್ರಿ. ಮರುದಿನಾನೇ ಆಕಿ ಹಂಚಿನ ಮುಂದ ಕುಂದರ್ಲಿ.”

“ಟೀಬಿ ಐತಿ ಅಂದ್ರ?” ಅಂದಳು ಯಮನೂರಮ್ಮ.

ಪಕೀರಮ್ಮ ಕೊಡ ಎತ್ತಿಕೊಂಡು ಹೋದಳು. ತಾಟು ಬಡಿಸುವ ದ್ಯಾವಪ್ಪ ಬಾಗಿಲಿಗೆ ಒರಗಿ ನಿಂತಿದ್ದ. ಯಾವ ಮಾತಿಗೂ ನಗೆ ಸೇರಿಸುವ ಮನುಷ್ಯ.

“ಲಗೂನ ಬಾ ಬೇ ಯಮನೂರಕ್ಕ. ನೀ ಬರೋತನಕ ಪಕೀರವ್ವನ ರೊಟ್ಟಿ ತಿಂದು ನಮ್ಮ ಹಲ್ಲು ಉಳಿಯಂಗಿಲ್ಲ.”

“ನಿನ್ನ ಹಲ್ಲು ಉದುರಿದ್ರ ಊರಿಗೆ ಒಳ್ಳೇದಾಕೈತಿ ಬಿಡು,” ಅಂದಳು ಅವಳು. ಗಂಟು ಕಟ್ಟಿಕೊಂಡು ನನ್ನ ಜೊತೆ ಮಸ್ಕಿಗೆ ಬಂದಳು.

ಮಸ್ಕಿಯಲ್ಲಿ ನಾನು ಹತ್ತಿ ಅಂಡಿಗೆ ಹೊರುವ ಹಮಾಲಿ ಮಾಡುತ್ತಿದ್ದೆ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಮನೆ ಅಂದರೆ ಒಂದು ಕೋಣೆ. ಯಮನೂರಮ್ಮ ಅದನ್ನು ಸಾರಿಸಿದಳು, ಪಾತ್ರೆ ತಿಕ್ಕಿದಳು, ಆಮೇಲೆ ಅವಳಿಗೆ ಕೆಲಸವೇ ಉಳಿಯಲಿಲ್ಲ. ಗೋಡೆಗೆ ಒರಗಿ ಕೂರುತ್ತಿದ್ದಳು. ಎರಡೂ ಅಂಗೈ ತೊಡೆಯ ಮೇಲೆ ತಾವೇ ಬಡಿಯುತ್ತಿದ್ದವು. ನಿಲ್ಲಿಸು ಅಂದರೆ ನಿಲ್ಲುತ್ತಿದ್ದವು, ಸ್ವಲ್ಪ ಹೊತ್ತಿಗೆ ಮತ್ತೆ ಶುರು.

ಲಿಂಗಸೂಗೂರಿನ ದವಾಖಾನೆಯಲ್ಲಿ ನಮ್ಮನ್ನು ನೋಡಿದ್ದು ನಜಮಾ ಅನ್ನುವ ಡಾಕ್ಟರು. ಅದೇ ಊರಿನ ಸೈಕಲ್ ಶಾಪಿನ ಅಮೀನ್‌ಸಾಬನ ಮಗಳು. ಡಾಕ್ಟರಿಕೆ ಮುಗಿಸಿ, ಅದರ ಮುಂದಿನದೇನೋ ದೊಡ್ಡ ಊರಿನ ಕಾಲೇಜಿನಲ್ಲಿ ಓದುತ್ತಿದ್ದಳು. ಆ ಓದಿಗೆ ಕಫ ಬೇಕಾಗಿತ್ತು. ಹಳೆ ಕೆಮ್ಮಿನವರ ಕಫ ಕೂಡಿಸಲು ತವರಿಗೆ ಬಂದಿದ್ದಳು. ಹಾಗೇ ದವಾಖಾನೆಯಲ್ಲಿ ಕೂತು ಟೀಬಿ ಐತೋ ಇಲ್ಲೋ ಅದನ್ನೂ ನೋಡಿ ಹೇಳುತ್ತಿದ್ದಳು.

“ಓದಾಕ ಕಫ ಬೇಕಾ?” ಯಮನೂರಮ್ಮ ನನ್ನ ಕಿವಿಯಲ್ಲಿ ಅಂದಳು. “ಪುಸ್ತಕ ತುಟ್ಟಿ ಆಗ್ಯಾವೇನೋ.”

ನಜಮಾ ಕೇಳಿಸಿಕೊಂಡಳು. ನಕ್ಕಳು. ಒಂದು ಅಗಲ ಬಾಯಿನ ಬಾಟಲಿ ಕೊಟ್ಟಳು. “ಅವ್ವಾ, ಮುಂಜಾನಿ ಎದ್ದಕೂಡ್ಲೇ ಬಾಯಿ ಮುಕ್ಕಳಿಸಿ, ಎದಿಯೊಳಗಿಂದು ತೆಗೆದು ಇದರಾಗ ಹಾಕಬೇಕು. ಬರೇ ಉಗುಳು ನಡಿಯಂಗಿಲ್ಲ. ಬಿಸಿಲೇರೂದ್ರಾಗ ನನಗ ಮುಟ್ಟಿಸ್ರಿ.”

ಮರುದಿನ ಯಮನೂರಮ್ಮ ಹಾಗೇ ಮಾಡಿದಳು. ನಾನು ಬಸ್ಸಿಗೆ ಹೋಗಿ ಕೊಟ್ಟು ಬಂದೆ. ಮುಂದಿನ ವಾರ ಕೇಳಲು ಹೋದರೆ ನಜಮಾ ತಲೆ ಆಡಿಸಿದಳು.

“ಏನೂ ಹೇಳಾಕ ಬರವಲ್ದು ಕಾಕಾ. ಕಾಜಿನ ಮ್ಯಾಲಿಟ್ಟು ದುರ್ಬೀನಿನಾಗ ನೋಡಿದ್ರ ಬರೇ ಕಪ್ಪು ಕಾಳು. ಒಲಿ ಮಸಿ ಎದಿಗೆ ಇಳದದ ಅನಸ್ತದ. ಟೀಬಿ ಹುಳ ಇದ್ರೂ ಕಾಣಂಗಿಲ್ಲ ಅದರಾಗ. ಮತ್ತ ನನ್ನ ಓದಿಂದು ಅಂದ್ರ, ಕಫ ಎಳಿ ಎಳಿ ಇರಬೇಕು. ಇದು ಪೂರಾ ನೀರಾಗ್ಯದ. ಇನ್ನೊಂದ್ಸಲ ತಗೊಂಡ್ ಬರ್ರಿ.”

ನಾನು ಸಿಂಧನೂರಿಗೆ ಹೋಗಿ ಪಕೀರಮ್ಮನಿಗೆ ಇಷ್ಟೇ ಹೇಳಿದೆ, ಡಾಕ್ಟರು ಇನ್ನೂ ಏನೂ ಹೇಳಿಲ್ಲ ಅಂತ.

“ಹೇಳಿಲ್ಲ ಅಂದ್ರ ಅದಾ ಇರಬೇಕಣ್ಣ,” ಅಂದಳು. “ಇಲ್ಲಂದಿದ್ರ ಇಲ್ಲ ಅಂತಿದ್ರು.” ಒಲೆಯ ಮುಂದೆ ಆಗಲೇ ದಢೇಸುಗೂರಿನ ಕಡೆಯ ಒಬ್ಬ ಹುಡುಗಿ ಕೂತಿದ್ದಳು. ಅವಳ ರೊಟ್ಟಿ ಅಂಚಿನಲ್ಲಿ ಬಿರಿಯುತ್ತಿತ್ತು. ನಾನು ನೋಡಿದ್ದನ್ನು ಯಮನೂರಮ್ಮನಿಗೆ ಹೇಳಿದೆ. ರೊಟ್ಟಿ ಬಿರಿಯುತ್ತದೆ ಅಂದಾಗ ಮಾತ್ರ, “ಎಸರು ಕುದಿಸಿ ಹಾಕಿರಂಗಿಲ್ಲ ಆಕಿ. ಜಿಗಿ ಎಲ್ಲಿಂದ ಬರಬೇಕು,” ಅಂದಳು.

ಜೋಳದ ಹಿಟ್ಟಿಗೆ ತನ್ನದೇ ಅಂಟು ಇರುವುದಿಲ್ಲ. ಕುದಿಯುವ ಎಸರು ಬಿದ್ದರೆ ಜಿಗಿ ಬರುತ್ತದೆ, ಆಗ ಎಷ್ಟು ತೆಳ್ಳಗೆ ಬಡಿದರೂ ಹರಿಯುವುದಿಲ್ಲ. ಯಮನೂರಮ್ಮನಿಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಎರಡನೆಯ ಬಾಟಲಿಯೂ ಮೊದಲಿನದರಂತೆಯೇ ಆಯಿತು. ಕಪ್ಪು ಕಾಳು, ನೀರು. ನಜಮಾ ಈ ಸಲ ನಗಲಿಲ್ಲ.

“ನಾನಾ ಬರ್ತೀನಿ ನಿಮ್ಮ ಮನಿಗೆ. ನನ್ನೆದುರಿಗೇ ತೆಗಿಲಿ,” ಅಂದಳು.

ಬಂದದ್ದು ಐಸ್‌ಕ್ಯಾಂಡಿ ಡಬ್ಬಿಯ ಜೊತೆ. ಬಾಟಲಿಗಳನ್ನು ತಂಪಿನಲ್ಲಿ ಇಡಬೇಕಂತೆ, ಅಪ್ಪನ ಗೆಳೆಯನ ಹತ್ತಿರ ಹಳೆ ಕಟ್ಟಿಗೆಯ ಡಬ್ಬಿ ಕೇಳಿ ತಂದಿದ್ದಳು. ಅದರ ಮೇಲೆ ಇನ್ನೂ ಕೆಂಪು ಬಣ್ಣದಲ್ಲಿ ಕ್ಯಾಂಡಿಯ ಚಿತ್ರ ಇತ್ತು. ಓಣಿಯ ಹೆಂಗಸರು ಚಳಿಗಾಲದಲ್ಲಿ ಕ್ಯಾಂಡಿ ಯಾರು ಕೊಳ್ಳುತ್ತಾರೆ ಅಂತ ಮಾತಾಡಿಕೊಂಡರು. ಡಬ್ಬಿಯೊಳಗೆ ಏನಿದೆ ಅಂತ ಗೊತ್ತಾದ ಮೇಲೆ ಒಬ್ಬಳೂ ಹತ್ತಿರ ಸುಳಿಯಲಿಲ್ಲ.

ಸೂರ್ಯ ಆಗ ತಾನೇ ಮೂಡಿದ್ದ. ಯಮನೂರಮ್ಮ ಗೋಡೆಗೆ ಕೈಯೂರಿ ಕುಕ್ಕರಗಾಲಲ್ಲಿ ಕೂತಳು. ಬಾಯಿ ಮುಕ್ಕಳಿಸಿದಳು, ಕೆಮ್ಮಿದಳು. ಬಹಳ ಹೊತ್ತು ಹಿಡಿಯಿತು. ಕೊನೆಗೆ ಬಾಟಲಿಯಲ್ಲಿ ಹಾಕಿದಳು, ಒಲೆಯ ಕಡೆ ಕೈ ಚಾಚಿ ಒಂದು ಚಿಟಿಕೆ ಬೂದಿ ತೆಗೆದು ಅದರ ಮೇಲೆ ಉದುರಿಸಿ, ಬಾಟಲಿಯನ್ನು ಅಲುಗಿಸಿ, ಮುಚ್ಚಳ ಹಾಕಿ ನಜಮಾಳ ಕೈಗೆ ಕೊಟ್ಟಳು.

ನಾನೂ ನೋಡಿದೆ. ಮೊದಲ ಎರಡು ಸಲವೂ ನೋಡಿದ್ದೆ. ಹೊರಗೆ ಹೋಗುವವರು ಬಾಗಿಲು ಎಳೆದುಕೊಳ್ಳುವುದನ್ನು ನೋಡಿಯೂ ಗಮನಿಸದ ಹಾಗೆ. ನಮ್ಮಲ್ಲಿ ಹಾಸಿಗೆ ಹಿಡಿದವರ ಪಕ್ಕ ಉಗುಳುವ ಕುಡಿಕೆ ಇಡುತ್ತಾರೆ, ಅದರ ತಳದಲ್ಲಿ ಬೂದಿ ಇರುತ್ತದೆ, ಉಗುಳಿದ ಮೇಲೆ ಮತ್ತೆ ಒಂದಿಷ್ಟು ಬೂದಿ. ಬರಿಯ ಉಗುಳು ಕಣ್ಣಿಗೆ ಬೀಳಬಾರದು.

“ಏನ್ ಹಾಕಿದ್ಯವ್ವಾ ಅದರಾಗ?” ನಜಮಾ ಕೇಳಿದಳು.

“ಬೂದಿ.”

“ಯಾಕ?”

“ಯಾಕ ಅಂದ್ರ? ಮಗಳಂಥಾಕಿ ನೀ. ನಿನ್ನ ಕೈಯಾಗ ಬತ್ತಲೆ ಉಗುಳು ಕೊಡ್ಲೇನು? ನನಗ ಹಿರ್ಯಾರು ಕಲಿಸಿಲ್ಲೇನು?”

ನಜಮಾ ಅಲ್ಲೇ ನೆಲದ ಮೇಲೆ ಕೂತಳು. ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಆಮೇಲೆ, “ನಾ ಮಸಿ ಅಂತ ತಿಳಕೊಂಡಿದ್ದೆ,” ಅಂದಳು. “ನಮ್ಮ ಪ್ರೊಫೆಸರ್ ಸಾಹೇಬ್ರಿಗೆ ಬರೆದೂ ಬಿಟ್ಟೀನಿ, ನಮ್ಮ ಕಡಿ ಹೆಂಗಸರ ಕಫ ತಾನಾ ಕರಗ್ತದ ಅಂತ.” ಅಂದು ನಗತೊಡಗಿದಳು. ಯಮನೂರಮ್ಮನಿಗೂ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು.

ಬೂದಿಯಿಂದ ಕೆಡುವಂಥದ್ದು ಏನಿದೆ ಅಂತ ಯಮನೂರಮ್ಮ ಕೇಳಿದಳು. ಆಗ ನಜಮಾ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ನನ್ನದು ಎರಡನೆಯ ಇಯತ್ತೆಗೆ ನಿಂತ ಓದು, ಆದರೂ ತಿಳಿಯಿತು.

“ನಿನ್ನ ಎದಿಯಾಗ ಗಾಳಿ ಹೋಗೋ ಕೊಳವಿ ಅದಾವು. ಒಳಗ ತೆಳ್ಳಗ ಲೋಳಿ ಸವರಿರ್ತದ. ಧೂಳು ಬಂತಂದ್ರ ಅದಕ್ಕ ಹತ್ತಿಕೊಳ್ಳಲಿ ಅಂತ. ಅದು ಇರಬೇಕಾದ್ದೇ. ಆ ಲೋಳಿಯೊಳಗ ಒಂದು ಪ್ರೋಟೀನ್ ಇರ್ತದ, ಭಾಳ ಉದ್ದನ ಎಳಿ. ಎಳಿಗುಂಟ ಸಕ್ಕರಿ ಹತ್ತಿರ್ತದ, ತೆನಿಗೆ ಕಾಳು ಹತ್ತಿದಂಗ. ಸಕ್ಕರಿ ನೀರು ಹಿಡ್ಕೊಂತದ, ಅದಕ್ಕ ಲೋಳಿ ಜಾರ್ತದ.”

“ನನ್ನ ಎದಿಯಾಗ ಸಕ್ಕರಿ ಐತಿ?” ಯಮನೂರಮ್ಮ ಅಂದಳು. “ಕೇಳಿಸ್ಕೋ ಅಣ್ಣ. ಪಕೀರವ್ವ ಚಹಾಕ್ಕ ಹಾಕಂಗಿಲ್ಲ, ಎಲ್ಲಾ ನನ್ನ ಎದಿಯಾಗ ಇಟ್ಟಾಳ.”

“ದಿನಾ ಹೊಗಿ ಕುಡದ್ರ ಏನಾಗ್ತದ ಅಂದ್ರ, ಆ ಎಳಿ ಮಾಡೋ ಕಣ ಹೆಚ್ಚಾಗ್ತಾವು. ಒಂದು ಬೇಕಾದಲ್ಲಿ ಹತ್ತು ಎಳಿ. ಎಳಿಗೂ ಎಳಿಗೂ ಕೊಂಡಿ ಬೀಳ್ತಾವು. ನೀರು ಸಾಲಂಗಿಲ್ಲ. ಗಟ್ಟಿಯಾಗಿ ಕೊಳವಿ ಕಟ್ಟತದ.”

ಯಮನೂರಮ್ಮ ಯೋಚನೆ ಮಾಡಿದಳು. “ಅಂದ್ರ ಜಿಗಿ ಜಾಸ್ತಿ ಆಗೈತಿ.”

“ಹೂಂ. ಜಿಗಿ ಜಾಸ್ತಿ ಆಗ್ಯದ.”

“ಎಸರು ಕಡಿಮಿ.”

“ಎಸರು ಕಡಿಮಿ,” ಅಂದಳು ನಜಮಾ. “ಬೂದಿಯೊಳಗ ಕ್ಷಾರ ಇರ್ತದ. ಅರಿವಿ ಜಿಡ್ಡು ಬಿಡಸ್ತದಲ್ಲ, ಹಂಗ ಅದು ಎಳಿ ಮ್ಯಾಲಿನ ಸಕ್ಕರಿ ಉದುರಸ್ತದ, ಎಳೀನೂ ಕಡೀತದ. ನೀ ಬಾಟಲಿ ಕೊಟ್ಟಾಗ ಕಫ ಇರ್ತದ, ನಾ ತೆಗದಾಗ ನೀರು.”

“ಹಂಗಾರ ಬೂದಿನೀರು ಕುಡದ್ರ ಎದಿ ಹಗೂರ ಆಕೈತೇನು?”

“ಎದಿಗೆ ಮುಟ್ಟೂದ್ರೊಳಗ ಗಂಟಲಾ ಸುಡ್ತದ. ಅಂಥಾ ಕೆಲಸ ಮಾಡಬ್ಯಾಡ ಮತ್ತ!”

ಇನ್ನೊಂದು ಬಾಟಲಿ ಕೊಟ್ಟಳು. ಯಮನೂರಮ್ಮ ಅದನ್ನು ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿದಳು. ಹಾಕಿದ ಮೇಲೂ ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಕೊಟ್ಟಳು. ನಜಮಾ ಡಬ್ಬಿಯಲ್ಲಿ ಮಂಜುಗಡ್ಡೆಯ ನಡುವೆ ಇಟ್ಟಳು.

ಆ ವಾರ ನಾವಿಬ್ಬರೂ ಲಿಂಗಸೂಗೂರಿಗೆ ಹೋದೆವು. ನಜಮಾ ಎದ್ದು ನಿಂತು ಹೇಳಿದಳು. “ಟೀಬಿ ಇಲ್ಲವ್ವ. ಬೂದಿ ಇಲ್ಲದ ಬಾಟಲಿಂದು ಮೂರು ಸಲ ನೋಡೀನಿ, ಹುಳ ಇಲ್ಲ. ಒಬ್ಬರಿಂದ ಒಬ್ಬರಿಗೆ ಹತ್ತೋ ರೋಗ ಅಲ್ಲ ಇದು.”

ಯಮನೂರಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು.

“ಪೂರ್ತಿ ಕೇಳು. ಇದು ಹೊಗೀಲಿಂದ ಬಂದದ್ದು. ಕೊಳವಿ ಒಳಗಿಂದ ಕೆಟ್ಟಾವು, ಹಿಂದಕ್ಕ ಮೊದಲಿನಂಗ ಆಗಂಗಿಲ್ಲ. ಇನ್ನ ಮುಂದ ಕೆಡದಂಗ ನೋಡ್ಕೋಬೇಕು. ಒಲಿ ಮುಂದ ಕುಂದರಬ್ಯಾಡ. ಕಾಕಾ, ನೀವರೆ ಹೇಳ್ರಿ ಆಕಿಗೆ.”

“ಹೇಳ್ತೀನವ್ವ,” ಅಂದೆ.

ಹೊರಗೆ ಬಂದಾಗ ಸಿಂಧನೂರಿನ ಬಸ್ಸು ನಿಂತಿತ್ತು. ಯಮನೂರಮ್ಮ ಹತ್ತಿದಳು. ಮಸ್ಕಿಯಲ್ಲಿ ಬಸ್ಸು ನಿಂತಾಗ ನಾನು ಎದ್ದೆ, ಅವಳು ಏಳಲಿಲ್ಲ. ನಾನೂ ಮತ್ತೆ ಕೂತೆ.

“ಡಾಕ್ಟರವ್ವ ಹೇಳಿದ್ದು ಕೇಳಿದಿಲ್ಲ?” ಅಂದೆ.

“ಕೇಳೀನಿ.”

“ಮತ್ತ?”

“ಟೀಬಿ ಇಲ್ಲ ಅಂದಾಳಣ್ಣ.”

ಖಾನಾವಳಿಯಲ್ಲಿ ನಾನೇ ಪಕೀರಮ್ಮನಿಗೆ ಎರಡೂ ಮಾತು ಹೇಳಿದೆ. ಟೀಬಿ ಇಲ್ಲ ಅನ್ನುವುದು, ಹೊಗೆಯಲ್ಲಿ ಕೂರಬಾರದು ಅನ್ನುವುದು. ಮೊದಲ ಮಾತಿಗೆ ಪಕೀರಮ್ಮ ಕೈಮುಗಿದಳು. ಎರಡನೆಯದಕ್ಕೆ ನಕ್ಕಳು. “ಹೊಗಿ ಯಾರ ಮನಿಯಾಗಿಲ್ಲಣ್ಣ? ನಮ್ಮವ್ವ ಸಾಯೋತನಕ ಹೊಗಿಯಾಗಾ ಅಡಿಗಿ ಮಾಡ್ಯಾಳ.” ಆಮೇಲೆ ನನ್ನ ಮುಖ ನೋಡಿ ಅಂದಳು, “ಬ್ಯಾಡಂದ್ರ ಬ್ಯಾಡ. ಯಮನೂರಮ್ಮ, ನೀ ಹೊರಗ ತಾಟು ಎತ್ತಿ ನೀರು ಕೊಡು. ಪಗಾರ ಅಷ್ಟಾ ಕೊಡ್ತೀನಿ.”

“ಮಂದಿ ಎಂಜಲ ಎತ್ತಾಕ ಬಂದಿಲ್ಲ ನಾ,” ಅಂದಳು ಯಮನೂರಮ್ಮ.

“ಯಕ್ಕಾ, ನಾ ಎತ್ತಾಕತ್ತಿಲ್ಲೇನು?” ಅಂದ ದ್ಯಾವಪ್ಪ.

“ನಿನಗ ರೊಟ್ಟಿ ಬಡಿಯಾಕ ಬರಂಗಿಲ್ಲ, ಅದಕ್ಕ ಎತ್ತತಿ. ನೀ ಏಳವ್ವ.” ಈ ಕೊನೆಯ ಮಾತು ಒಲೆಯ ಮುಂದಿನ ಹುಡುಗಿಗೆ.

ಹುಡುಗಿ ಎದ್ದಳು. ಯಮನೂರಮ್ಮ ಕೂತಳು. ಎಸರಿನ ಪಾತ್ರೆ ಒಲೆಗೆ ಇಟ್ಟಳು. ನಾನು ಏನೋ ಅನ್ನಲು ಹೋದೆ. ತಿರುಗದೆಯೇ ಅಂದಳು, “ನೀ ಸುಮ್ಕಿರಣ್ಣ. ಅಲ್ಲಿ ಗ್ವಾಡಿಗೆ ಕುಂತು ಬದುಕಾದು ಎಷ್ಟು ದಿನ, ಇಲ್ಲಿ ಕುಂತು ಎಷ್ಟು ದಿನ, ನನಗ ಗೊತ್ತಾಕೈತಿ.”

ಸ್ವಲ್ಪ ಹೊತ್ತಿಗೆ ಕೈಸಪ್ಪಳ ಶುರುವಾಯಿತು. ಹೊರಗೆ ಕೂತಿದ್ದ ಹಳೆ ಗಿರಾಕಿಯೊಬ್ಬ ತಲೆ ಎತ್ತಿ, “ಬಂದಾಳೇನು?” ಅಂದ.

ಆಮೇಲಿನ ವರ್ಷಗಳು ಹಾಗೇ ಹೋದವು. ನಜಮಾಳಿಗೆ ಗೊತ್ತಾಗಿ ಒಂದು ದಿನ ಖಾನಾವಳಿಗೆ ಬಂದಳು. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ, ಆಗಲಿಲ್ಲ. ಬಾಗಿಲಲ್ಲಿ ನಿಂತು ಹೊಗೆ ನೋಡಿದಳು, ಮೇಲಿನ ಮಾಡು ನೋಡಿದಳು, ದ್ಯಾವಪ್ಪನನ್ನು ಕರೆದು ಅದರ ಒಂದು ತಗಡು ತೆಗೆಸಿದಳು. ಹೊಗೆ ಎದ್ದು ಹೋಯಿತು. ಆದರೆ ಪಕ್ಕದಲ್ಲಿ ರೈಸ್‌ಮಿಲ್ಲು ಇತ್ತು. ಮಿಲ್ಲು ನಡೆದಾಗ ಉಮಿಯ ಧೂಳು ಆ ಕಿಂಡಿಯಿಂದ ಹಿಟ್ಟಿನ ಮೇಲೆ ಬೀಳತೊಡಗಿತು. ಯಮನೂರಮ್ಮ ತಾನೇ ತಗಡು ಮುಚ್ಚಿಸಿದಳು.

ನಜಮಾ ತವರಿಗೆ ಬಂದಾಗಲೆಲ್ಲ ಬರುತ್ತಿದ್ದಳು. ಬಾಟಲಿ ಒಯ್ಯುತ್ತಿದ್ದಳು. ಒಂದು ಸಲ ಪುಡಿ ತಂದುಕೊಟ್ಟಳು. ಎಳೆಗಳ ನಡುವಿನ ಕೊಂಡಿ ಬಿಡಿಸುವ ಔಷಧ ಅಂತ. ನೀರಿಗೆ ಹಾಕಿದರೆ ಕೊಳೆತ ತತ್ತಿಯ ವಾಸನೆ. ಯಮನೂರಮ್ಮ ಮೂಗು ಮುಚ್ಚಿಕೊಂಡು ಕುಡಿದಳು. ಇದ್ದಷ್ಟು ದಿನ ಸ್ವಲ್ಪ ಹಗುರವಾಯಿತು, ಪುಡಿ ಮುಗಿಯಿತು. ಈ ಕಡೆಯ ಅಂಗಡಿಗಳಲ್ಲಿ ಅದು ಸಿಗುತ್ತಿರಲಿಲ್ಲ.

“ನಿನ್ನ ಕಫ ನಮ್ಮ ಕಾಲೇಜಿನಾಗ ದೊಡ್ಡ ತಂಪಿನ ಪೆಟಿಗಿಯಾಗ ಅದವ್ವ,” ಅಂದಳು ಒಮ್ಮೆ ನಜಮಾ. “ಅದರ ಎಳಿ ಅಳದೀನಿ. ಎಲ್ಲಾರಕಿಂತಾ ನಿಂದಾ ಉದ್ದ.”

“ಅಲ್ಲಿ ಫ್ಯಾನಿನ ಗಾಳೀನೂ ಐತೇನು?” ಅಂದಳು ಯಮನೂರಮ್ಮ. “ನನಗಿಂತ ನನ್ನ ಉಗುಳು ಚಲೋ ಐತಿ ಹಂಗಾರ.”

ತೊಂಬತ್ತೊಂದರ ಬೇಸಿಗೆಗೆ ಅವಳಿಗೆ ಮಲಗಲು ಆಗದಾಯಿತು. ಕೂತೇ ನಿದ್ದೆ. ಒಂದು ರೊಟ್ಟಿ ಬಡಿದು ಇನ್ನೊಂದಕ್ಕೆ ಹಿಟ್ಟು ತೆಗೆಯುವುದರೊಳಗೆ ನಿಲ್ಲಿಸಿ ಉಸಿರು ಎಳೆದುಕೊಳ್ಳಬೇಕು. ಗಿರಾಕಿಗಳು ಕಾಯುತ್ತಿದ್ದರು. ಒಂದು ದಿನ ತಾನೇ ಹಲಗೆ ತೊಳೆದು ಗೋಡೆಗೆ ಒರಗಿಸಿ, ದ್ಯಾವಪ್ಪನ ಕೈಯಲ್ಲಿ ನನಗೆ ಹೇಳಿಕಳಿಸಿದಳು. ಮಸ್ಕಿಗೆ ಕರೆದುಕೊಂಡು ಬಂದೆ.

ಕಾರಹುಣ್ಣಿಮೆ ಕಳೆದ ಮೇಲೆ, ಒಂದು ಶನಿವಾರ ಮಧ್ಯಾಹ್ನ, ನಜಮಾ ಬಂದಳು. ಅವಳ ಓದು ಮುಗಿದಿತ್ತು. ಕೊನೆಯದೊಂದು ಬಾಟಲಿ ಬೇಕಾಗಿತ್ತೋ, ನೋಡಿಕೊಂಡು ಹೋಗಲು ಬಂದಿದ್ದಳೋ, ಅವಳು ಹೇಳಲಿಲ್ಲ. ಎದೆಗೆ ಕೊಳವೆ ಇಟ್ಟು ನೋಡಿದಳು, ಕಿವಿಯಿಂದ ತೆಗೆದು ಕೈಯಲ್ಲಿ ಸುತ್ತಿಕೊಂಡಳು. “ರಾಯಚೂರಿಗೆ ಒಯ್ಯೋಣ ಕಾಕಾ,” ಅಂದಳು. ಯಮನೂರಮ್ಮ ಬೇಡ ಅಂತ ಕೈ ಆಡಿಸಿದಳು. ಆ ಕೈಯನ್ನೇ ಚಾಚಿ ಬಾಟಲಿ ಕೇಳಿದಳು.

ಬಹಳ ಹೊತ್ತು ಪ್ರಯತ್ನ ಮಾಡಿದಳು. ಒಳಗೆ ಸದ್ದು ಕೇಳುತ್ತಿತ್ತು, ಏನೂ ಮೇಲೆ ಬರಲಿಲ್ಲ. ನಜಮಾ ಬೆನ್ನು ತಿಕ್ಕಿದಳು, ಸಾಕು ಸಾಕು ಅಂದಳು. ಕೊನೆಗೆ ಯಮನೂರಮ್ಮ ಖಾಲಿ ಬಾಟಲಿಗೆ ಮುಚ್ಚಳ ಹಾಕಿ, ಸೆರಗಿನಲ್ಲಿ ಒರೆಸಿ, ಅವಳ ಕೈಗೆ ಕೊಟ್ಟಳು.

“ನೋಡವ್ವ,” ಅಂದಳು, ಒಂದೊಂದೇ ಮಾತಿಗೆ ಉಸಿರು ತೆಗೆದುಕೊಂಡು. “ಬೂದಿ ಹಾಕಿಲ್ಲ.”

ನಜಮಾ ಅದನ್ನು ಚೀಲದಲ್ಲಿಟ್ಟುಕೊಂಡಳು. ಸಂಜೆಯ ಬಸ್ಸಿಗೆ ನಾನೇ ಹತ್ತಿಸಿ ಬಂದೆ. ಭಾನುವಾರ ಯಮನೂರಮ್ಮ ಗೋಡೆಗೆ ಒರಗಿ ಕೂತಿದ್ದಳು, ಅಂಗೈ ಎರಡೂ ತೊಡೆಯ ಮೇಲೆ ಇದ್ದವು. ಬಡಿಯುತ್ತಿರಲಿಲ್ಲ. ಗಂಜಿ ಕೊಟ್ಟೆ, ಎರಡು ಗುಟುಕು ಕುಡಿದಳು. ಉಗುಳುವ ಕುಡಿಕೆ ತೊಳೆದು, ತಳಕ್ಕೆ ಹೊಸ ಬೂದಿ ಹಾಕಿ ಪಕ್ಕದಲ್ಲಿಟ್ಟೆ. ಅದು ಹಾಗೇ ಉಳಿಯಿತು.

ಯಮನೂರಮ್ಮ ಹೋದದ್ದು ಸೋಮವಾರ, ಹೊತ್ತು ಏರುವ ಮುಂಚೆ.